ರಾಜೀನಾಮೆ ಕೊಡುವ ಮುಂಚೆ

ಚಿರಂಜೀವಿ ಪ್ರಮೋದನಿಗೆ ಮೈಸೂರಿನಿಂದ ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಕಾದಂಬರಿಯ ಹಸ್ತಪ್ರತಿ ಪೂರ್ತಿ ಓದಿದೆ. ವಿಮಾ ಕಂಪನಿಯ ಕೆಲಸ ಬಿಟ್ಟು ಬರವಣಿಗೆಗೇ ಕೂರುತ್ತೇನೆ ಅಂತ ನಿಮ್ಮಮ್ಮನಿಗೆ ಹೇಳಿದ್ದೀಯಂತೆ. ಅವಳು ಫೋನಿನಲ್ಲಿ ಅತ್ತಳು. ನಾನು ಅವಳ ಪರ ವಾದ ಮಾಡಲು ಬರೆಯುತ್ತಿಲ್ಲ. ನೀನು ಬರೆಯಬೇಕು ಅಂತ ನನಗೆ ಅವಳಿಗಿಂತ ಜಾಸ್ತಿ ಆಸೆಯಿದೆ. ಆದರೆ ನೀನು ಹಿಡಿದಿರುವುದು ಗೂಢಚಾರರ ಕಥೆ. ಅದನ್ನು ಬರೆದವರಲ್ಲಿ ನಾನು ಎಲ್ಲರಿಗಿಂತ ಮೇಲೆ ಇಡುವುದು ಜಾನ್ ಲೆ ಕಾರೆಯನ್ನು. ಅವನ ಪುಸ್ತಕಗಳನ್ನು ನೀನು ಓದಿದ್ದೀಯ. ಅವನು ಬರೆಹಗಾರ ಆದದ್ದು ಹೇಗೆ ಅಂತಲೂ ತಿಳಿದುಕೋ. ಆಮೇಲೆ ನಿನ್ನ ತೀರ್ಮಾನ ನಿನಗೆ.

ಅವನ ನಿಜವಾದ ಹೆಸರು ಡೇವಿಡ್ ಕಾರ್ನ್‌ವೆಲ್. 1931ರಲ್ಲಿ ಇಂಗ್ಲೆಂಡಿನ ಪೂಲ್ ಎಂಬ ಊರಲ್ಲಿ ಹುಟ್ಟಿದ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಜರ್ಮನ್ ಓದಿದ. ಆಸ್ಟ್ರಿಯಾದಲ್ಲಿ ಸೈನ್ಯದ ಗುಪ್ತಚರ ದಳದಲ್ಲಿದ್ದ. ಆಮೇಲೆ ಆಕ್ಸ್‌ಫರ್ಡ್, ಅದಾದ ಮೇಲೆ ಈಟನ್ ಶಾಲೆಯಲ್ಲಿ ಮೇಷ್ಟರ ಕೆಲಸ. 1958ರಲ್ಲಿ ಬ್ರಿಟನ್ನಿನ ಒಳಗಿನ ಗುಪ್ತಚರ ಕೆಲಸ ನೋಡುವ ಎಂಐ5 ಸೇರಿ, ಎರಡು ವರ್ಷವಾದ ಮೇಲೆ ವಿದೇಶದ ಬೇಹುಗಾರಿಕೆ ನೋಡುವ ಎಂಐ6ಗೆ ಹೋದ.

ಮೊದಲ ಕಾದಂಬರಿಯನ್ನು ಅವನು ರೈಲಿನಲ್ಲಿ ಬರೆದ. ಮನೆ ಲಂಡನ್ನಿನ ಹೊರಗೆ, ಗ್ರೇಟ್ ಮಿಸೆಂಡನ್‌ನಲ್ಲಿ. ದಿನಾ ಆಫೀಸಿಗೆ ಹೋಗುವಾಗ ಬರುವಾಗ ಸಣ್ಣ ನೋಟ್‌ಬುಕ್ಕುಗಳಲ್ಲಿ ಗೀಚುತ್ತಿದ್ದ. 1961ರಲ್ಲಿ ಆ ಪುಸ್ತಕ ಬಂತು. ನೀನೂ ಪಾಸ್ ಇಟ್ಟುಕೊಂಡು ತುಮಕೂರಿಂದ ಬೆಂಗಳೂರಿಗೆ ಓಡಾಡುವವನೇ ಅಲ್ವಾ? ಸೀಟು ಸಿಗದ ದಿನ ಬಿಡು. ಸಿಕ್ಕ ದಿನ ಮೊಬೈಲು ಒಳಗಿಟ್ಟು ನಾಲ್ಕು ಸಾಲು ಬರಿ.

ಹೆಸರು ತಂದುಕೊಟ್ಟದ್ದು ಮೂರನೆಯ ಪುಸ್ತಕ, 1963ರ 'ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್'. ಆಗ ಅವನಿದ್ದದ್ದು ಪಶ್ಚಿಮ ಜರ್ಮನಿಯ ಬಾನ್‌ನಲ್ಲಿ. ಹೊರಗಿನವರ ಕಣ್ಣಿಗೆ ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿ. ಬರ್ಲಿನ್ ಗೋಡೆ ಏಳುವುದನ್ನು ಕಣ್ಣಾರೆ ಕಂಡು ಬಂದಿದ್ದ. ಆ ಸಿಟ್ಟು, ಆ ಹೇಸಿಗೆ ಒಳಗೇ ಕುದಿಯುತ್ತಿತ್ತು. ಸುಮಾರು ಐದು ವಾರದಲ್ಲಿ ಬರೆದು ಮುಗಿಸಿದ. ಬೆಳಗಿನ ಜಾವ ಮನೆಯಲ್ಲಿ, ಬಿಡುವು ಸಿಕ್ಕಾಗ ಆಫೀಸಿನ ಮೇಜಿನಲ್ಲಿ, ರೈನ್ ನದಿ ದಾಟಿಸುವ ದೋಣಿಯ ಮೇಲೆ ಕಾರಿನ ಸ್ಟೀರಿಂಗ್ ಹಿಂದೆ ಕೂತು ಕೂಡ. ಅದಕ್ಕಿಂತ ಒಳ್ಳೆಯ ಗೂಢಚಾರ ಕಥೆ ತಾನು ಓದಿಲ್ಲ ಅಂತ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಹೊಗಳಿದ. ಪುಸ್ತಕ ಲೋಕವೆಲ್ಲ ಹರಡಿತು.

ಆಗಲೂ ಅವನು ತಕ್ಷಣ ಕೆಲಸ ಬಿಡಲಿಲ್ಲ. ತನ್ನ ಆಸ್ತಿ ಇಪ್ಪತ್ತು ಸಾವಿರ ಪೌಂಡ್ ಮುಟ್ಟಿದಾಗ ತಿಳಿಸು ಅಂತ ಲೆಕ್ಕಪತ್ರ ನೋಡುವವನಿಗೆ ಹೇಳಿಟ್ಟಿದ್ದ. ಮುಟ್ಟಿದೆ ಅಂತ ಸುದ್ದಿ ಬಂದ ಮೇಲೇ ರಾಜೀನಾಮೆ ಕೊಟ್ಟ. 1964ರಲ್ಲಿ ಹೊರಬಂದ. ಮನೇಲಿ ಹೆಂಡತಿ ಮಕ್ಕಳಿದ್ದರು. ನಿನ್ನ ಲೆಕ್ಕ ಎಷ್ಟು? ಒಂದು ಹಾಳೆಯಲ್ಲಿ ಬರಿ. ಮನೆ ಸಾಲದ ಕಂತು, ನಿಮ್ಮಮ್ಮನ ಔಷಧಿ, ನಿನ್ನ ಊಟ. ಎರಡು ವರ್ಷಕ್ಕಾಗುವಷ್ಟು ಕೈಯಲ್ಲಿದ್ದರೆ ರಾಜೀನಾಮೆ ಕೊಡು, ನಾನೇ ನಿಮ್ಮಮ್ಮನಿಗೆ ಹೇಳುತ್ತೇನೆ. ಇಲ್ಲದಿದ್ದರೆ ಸದ್ಯಕ್ಕೆ ಬೇಡ.

ದುಡ್ಡಿಗಿಂತ ದೊಡ್ಡ ಮಾತು ಇನ್ನೊಂದಿದೆ. ನಿನ್ನ ಕಾದಂಬರಿ ಇಸ್ತಾಂಬುಲ್‌ನಲ್ಲಿ ಶುರುವಾಗುತ್ತದೆ. ನೀನು ಆ ಊರು ನೋಡಿಲ್ಲ. ಓದುವವರಿಗೆ ಅದು ಗೊತ್ತಾಗುತ್ತದೆ. ಲೆ ಕಾರೆಗೂ ಹೀಗೊಮ್ಮೆ ಆಯಿತು. ಇಂಗ್ಲೆಂಡಿನಲ್ಲೇ ಕೂತು, ಹಳೇ ಗೈಡ್ ಪುಸ್ತಕ ನಂಬಿ, ಹಾಂಗ್‌ಕಾಂಗಿನ ಬಂದರನ್ನು ದೋಣಿಯಲ್ಲಿ ದಾಟುವ ದೃಶ್ಯ ಬರೆದಿದ್ದ. ಅಷ್ಟರಲ್ಲಿ ಅಲ್ಲಿ ನೀರಿನಡಿ ಸುರಂಗ ರಸ್ತೆಯೇ ಬಂದುಬಿಟ್ಟಿತ್ತು! ಅಚ್ಚಿನ ಹೊತ್ತಿಗೆ ಒದ್ದಾಡಿ ತಿದ್ದಿಸಿದ. ಇನ್ನು ಮುಂದೆ ಕಾಣದ ಜಾಗದ ಬಗ್ಗೆ ಬರೆಯುವುದಿಲ್ಲ ಅಂತ ಆವತ್ತೇ ನಿಶ್ಚಯಿಸಿದ. ಆಮೇಲೆ ಯುದ್ಧ ನಡೆಯುತ್ತಿದ್ದ ಕಾಂಬೋಡಿಯಾಕ್ಕೂ ನೋಟ್‌ಬುಕ್ ಹಿಡಿದು ಹೋದ.

ನಿನ್ನ ನಾಯಕ ಛಾವಣಿಯಿಂದ ಛಾವಣಿಗೆ ಹಾರುತ್ತಾನೆ. ಲೆ ಕಾರೆಯ ಕಾದಂಬರಿಗಳ ಗೂಢಚಾರ ಜಾರ್ಜ್ ಸ್ಮೈಲಿ ಹೇಗಿದ್ದಾನೆ ನೋಡು. ಕುಳ್ಳ, ದಪ್ಪ, ಬಟ್ಟೆ ಮೈಗೆ ಒಪ್ಪುವುದಿಲ್ಲ, ಕನ್ನಡಕದ ಗಾಜನ್ನು ಟೈನ ಅಗಲ ತುದಿಯಲ್ಲಿ ಒರೆಸುತ್ತಾನೆ. ಹಳೇ ಫೈಲು ತೆಗೆಸಿ, ಯಾವ ಹಾಳೆ ಕಾಣೆಯಾಗಿದೆ ಅಂತ ಹುಡುಕುತ್ತಾ ಕೂರುತ್ತಾನೆ. ಅಂಥವನನ್ನು ಕಲ್ಪನೆಯಿಂದ ಮಾತ್ರ ತರಲು ಆಗುವುದಿಲ್ಲ. ಆಫೀಸಿನಲ್ಲಿ ಜೊತೆಗಿದ್ದ ಜಾನ್ ಬಿಂಗಮ್ ಮತ್ತು ಆಕ್ಸ್‌ಫರ್ಡಿನ ಗುರು ವಿವಿಯನ್ ಗ್ರೀನ್, ಈ ಇಬ್ಬರಿಂದ ತೆಗೆದು ಕಟ್ಟಿದ್ದು. ಎಂಐ6ರ ಕಿಮ್ ಫಿಲ್ಬಿ ಸೋವಿಯತ್ತಿನ ಆಳಾಗಿದ್ದು 1963ರಲ್ಲಿ ಮಾಸ್ಕೋಗೆ ಓಡಿಹೋದನಲ್ಲ, ಆ ದ್ರೋಹದ ಗಾಯವೇ 1974ರಲ್ಲಿ 'ಟಿಂಕರ್ ಟೇಲರ್ ಸೋಲ್ಜರ್ ಸ್ಪೈ' ಆಯಿತು.

ನೀನು ದಿನಾ ಕ್ಲೇಮು ವಿಭಾಗದಲ್ಲಿ ಕೂತು ಸುಳ್ಳು ಬಿಲ್ಲು ಯಾವುದು, ನಿಜವಾದ ಬಿಲ್ಲು ಯಾವುದು ಅಂತ ನೋಡುತ್ತೀಯ. ಒಂದೇ ಕೈಬರಹದ ಎರಡು ಡಾಕ್ಟರ್ ಸರ್ಟಿಫಿಕೇಟ್ ಹಿಡಿದ ಕಥೆ ನೀನೇ ಹೇಳಿದ್ದು. ಅದರ ಒಂದು ಗೆರೆಯೂ ನಿನ್ನ ಪುಸ್ತಕದಲ್ಲಿ ಇಲ್ಲ. ಯಾಕೋ? ಫೈಲಿನ ಹೆಸರುಗಳು ಮಾತ್ರ ಬರಕೂಡದು. ಲೆ ಕಾರೆಯೂ ಹಸ್ತಪ್ರತಿಯನ್ನು ಇಲಾಖೆಗೆ ತೋರಿಸಿ, ಒಪ್ಪಿಗೆ ಪಡೆದು, ಬೇರೆ ಹೆಸರಿನಲ್ಲಿ ಅಚ್ಚು ಹಾಕಿಸಿದವನು.

ಈಗ ಬರೆಯಲು ಕಷ್ಟವಾಗುವ ಮಾತು. ನಿನ್ನ ಮೂರನೆಯ ಅಧ್ಯಾಯದಲ್ಲಿ ಚೀಟಿ ನಡೆಸಿ ಊರಿಗೆಲ್ಲ ಟೋಪಿ ಹಾಕುವವನು ಯಾರು ಅಂತ ನಮಗೆಲ್ಲ ಗೊತ್ತಾಗುತ್ತದೆ.

ಲೆ ಕಾರೆಯ ಅಪ್ಪ ರಾನಿ ದೊಡ್ಡ ವಂಚಕ. ವಿಮೆ ವಂಚನೆಗೆ ಜೈಲು ಕಂಡವನು. ಒಂದು ದಿನ ರೇಸ್ ಕುದುರೆ, ಮಾರನೇ ದಿನ ಸಾಲ ಕೊಟ್ಟವರು ಬಾಗಿಲಲ್ಲಿ. ಮಕ್ಕಳ ಸ್ಕೂಲ್ ಫೀಸಿನ ಬದಲು ಕಾಳಸಂತೆಯ ಒಣಹಣ್ಣು ಕೊಟ್ಟು ಸಾಗಹಾಕಿದ್ದೂ ಉಂಟು. ಮಗನಿಗೆ ಐದು ವರ್ಷವಾದಾಗ ತಾಯಿ ಮನೆ ಬಿಟ್ಟು ಹೋದಳು. ಅವಳನ್ನು ಮತ್ತೆ ನೋಡಿದಾಗ ಅವನಿಗೆ ಇಪ್ಪತ್ತೊಂದು. 1975ರಲ್ಲಿ ಅಪ್ಪ ಸತ್ತಾಗ ಅಂತ್ಯಕ್ರಿಯೆಯ ಖರ್ಚು ಕೊಟ್ಟ, ತಾನು ಹೋಗಲಿಲ್ಲ.

ಅಂಥ ಅಪ್ಪನ ಬಗ್ಗೆ ಬರೆಯಲು ಅವನು ವರ್ಷಗಟ್ಟಲೆ ಒದ್ದಾಡಿದ. ಬರೀ ಬೈಗುಳವಾಗುತ್ತಿತ್ತು, ಪುಸ್ತಕ ಆಗುತ್ತಿರಲಿಲ್ಲ. ಅಪ್ಪನ ಪಾಪಕ್ಕಿಂತ ಮಗನ ಪಾಪವನ್ನು ದೊಡ್ಡದು ಮಾಡಿ ಬರೆದಾಗಲೇ ಕೈಗೂಡಿತು ಅಂತ ಅವನೇ ಹೇಳಿದ್ದಾನೆ. 1986ರ 'ಎ ಪರ್ಫೆಕ್ಟ್ ಸ್ಪೈ' ಅದು. ನನ್ನ ಮಟ್ಟಿಗೆ ಅವನ ಎಲ್ಲಕ್ಕಿಂತ ಒಳ್ಳೆಯ ಪುಸ್ತಕ.

ನಿಮ್ಮಪ್ಪನ ಚೀಟಿ ಮುಳುಗಿದ್ದು ನಿಜ. ಜನ ನಂಬಿ ಕೊಟ್ಟ ದುಡ್ಡು ಹೋದದ್ದೂ ನಿಜ. ಆದರೆ ತರಕಾರಿ ಮಾರುವ ಅಜ್ಜಿಯ ದುಡ್ಡನ್ನು ಅವನು ಎಲ್ಲರಿಗಿಂತ ಮೊದಲು ತೀರಿಸಿದ. ನಿಮ್ಮಮ್ಮನ ಬಳೆ ಹೋದದ್ದು ಅದಕ್ಕೇ. ಆಮೇಲೆ ಎಷ್ಟೋ ಕಾಲ ಒಂದೇ ಮನೆಯಲ್ಲಿದ್ದೂ ನೀನು ಅವನ ಜೊತೆ ಮಾತಾಡಲಿಲ್ಲ. ಈ ಎರಡು ಮಾತೂ ನಿನ್ನ ಅಧ್ಯಾಯದಲ್ಲಿ ಇಲ್ಲ. ಅವನನ್ನು ಕ್ಷಮಿಸು ಅಂತ ನಾನು ಹೇಳುತ್ತಿಲ್ಲ. ಪೂರ್ತಿ ಬರಿ ಅನ್ನುತ್ತಿದ್ದೇನೆ.

ಎಲ್ಲದರಲ್ಲೂ ಲೆ ಕಾರೆಯ ದಾರಿ ಹಿಡಿಯಬೇಡ. ಮದುವೆಯಲ್ಲಿ ಅವನು ನಿಷ್ಠನಾಗಿರಲಿಲ್ಲ. ಎರಡನೆಯ ಹೆಂಡತಿ ಜೇನ್ ಕಾರ್ನ್‌ವಾಲಿನ ಸಮುದ್ರದಂಚಿನ ಮನೆಯಲ್ಲಿ ಅವನ ಕೈಬರಹವನ್ನೆಲ್ಲ ಟೈಪ್ ಮಾಡಿದಳು, ತಿದ್ದಿದಳು. ಆ ಪುಸ್ತಕಗಳಲ್ಲಿ ಅವಳ ಪಾಲು ಎಷ್ಟಿತ್ತು ಅಂತ ಆಮೇಲೆ ಮಗ ಬರೆಯಬೇಕಾಯಿತು. ನಿನ್ನ ಹಸ್ತಪ್ರತಿ ಟೈಪ್ ಮಾಡಿದ್ದು ನಿನ್ನ ತಂಗಿ ಅಂತ ಕೇಳಿದೆ. ಮೊದಲ ಪುಟದಲ್ಲಿ ಅವಳ ಹೆಸರು ಹಾಕು.

ಅವನು 2020ರ ಡಿಸೆಂಬರಿನಲ್ಲಿ ತೀರಿಕೊಂಡ. ಎಂಬತ್ತೊಂಬತ್ತು ವರ್ಷವಾಗಿತ್ತು. ಕೊನೆಯವರೆಗೂ ಬರೆದ. ಶೀತಲ ಸಮರ ಮುಗಿದಾಗ ಇವನ ಕಥೆಯೂ ಮುಗಿಯಿತು ಅಂದವರಿದ್ದರು. ಅವನು ಕೀನ್ಯಾಕ್ಕೆ ಹೋಗಿ ಬಡವರ ಮೇಲೆ ಔಷಧಿ ಪ್ರಯೋಗ ಮಾಡುವ ಕಂಪನಿಗಳ ಬಗ್ಗೆ ಬರೆದ. ನಿನಗೆ ಇನ್ನೂ ಮೂವತ್ತು ಆಗಿಲ್ಲ, ಅಷ್ಟು ಅವಸರ ಬೇಡ.

'ಎ ಪರ್ಫೆಕ್ಟ್ ಸ್ಪೈ' ಪ್ರತಿಯನ್ನು ಕೊರಿಯರ್ ಮಾಡಿದ್ದೇನೆ. ದಸರಾ ರಜೆಗೆ ಮೈಸೂರಿಗೆ ಬಾ. ಬರುವಾಗ ಆ ಲೆಕ್ಕದ ಹಾಳೆಯನ್ನೂ ಹೊಸದಾಗಿ ಬರೆದ ಮೂರನೆಯ ಅಧ್ಯಾಯವನ್ನೂ ತೆಗೆದುಕೊಂಡು ಬಾ. ಇಸ್ತಾಂಬುಲ್ ಭಾಗ ತರಬೇಡ.

ಇಂತಿ,
ನಿನ್ನ ದೊಡ್ಡಮ್ಮ