ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್: ಸುಹಾಸನಿಗೆ ಅತ್ತೆಯ ಪತ್ರ

ಚಿ. ಸುಹಾಸನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಮನೆಯ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಲು ಹೊರಟಿದ್ದೀಯಂತೆ. ಧಾರಾಳವಾಗಿ ಹಾಕು. ಅದರಲ್ಲಿರುವುದು ಆರನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. ಕೆಲವು ಅಪವಾದ ಬಿಟ್ಟರೆ ಎಂಟನೆಯದಕ್ಕಿಂತ ಹಳತನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಆದರೆ ತಿರುಗುವ ಹಾರ್ಡ್ ಡಿಸ್ಕೂ 4 ಜಿಬಿ ರ‍್ಯಾಮೂ ಹಾಗೇ ಇದ್ದರೆ ಯಾವ ಡಿಸ್ಟ್ರೋ (ಲಿನಕ್ಸಿನ ಬಗೆ) ಹಾಕಿದರೂ ಆಮೆ ವೇಗವೇ. ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ತಗೋ, ಆಮೇಲೆ ರ‍್ಯಾಮ್ 8 ಜಿಬಿ ಮಾಡು. ಮೆಮೊರಿ ನುಂಗುವುದು ಹೆಚ್ಚಾಗಿ ಬ್ರೌಸರು, ಡೆಸ್ಕ್‌ಟಾಪ್ ಅಲ್ಲ.

ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡ. ಬಿಚ್ಚಿ ಒಂದು ಯುಎಸ್‌ಬಿ ಕೇಸಿಗೆ ಹಾಕಿಡು. ಅಪ್ಪನ ಲೆಕ್ಕಪತ್ರವೆಲ್ಲ ಅದರಲ್ಲೇ ಇರಲಿ. ಬಿಚ್ಚುವ ಮೊದಲು ಎರಡು ಕೆಲಸ ಮುಗಿಸಬೇಕು. ವಿಂಡೋಸಿನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡು. ಅದು ಚಾಲೂ ಇದ್ದರೆ ವಿಂಡೋಸ್ ನಿಜವಾಗಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಅಂಥ ಡಿಸ್ಕನ್ನು ಲಿನಕ್ಸ್ ಓದಲಷ್ಟೇ ಬಿಡುತ್ತದೆ, ಕೆಲವೊಮ್ಮೆ ತೆರೆಯುವುದೇ ಇಲ್ಲ. ಎರಡನೆಯದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಗೂಢಲಿಪಿಯ ಬೀಗ. ಡ್ರೈವಿಗೆ ಬೀಗದ ಚಿಹ್ನೆ ಇದ್ದರೆ ಅಪ್ಪನ ಮೈಕ್ರೋಸಾಫ್ಟ್ ಖಾತೆಯಿಂದ 48 ಅಂಕಿಯ ರಿಕವರಿ ಕೀ ತೆಗೆದು ಕಾಗದದ ಮೇಲೆ ಬರೆದಿಡು. ಆ ಕೀ ಇದ್ದರೆ ನೀನು ಹಾಕಲಿರುವ ಲಿನಕ್ಸ್ ಮಿಂಟ್ ಆ ಡಿಸ್ಕನ್ನು ತೆರೆಯುತ್ತದೆ. ಇಲ್ಲದಿದ್ದರೆ ಯಾರ ಕೈಲೂ ಆಗದು.

ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡುವ ಆಸೆ ಸದ್ಯಕ್ಕೆ ಬೇಡ. ವಿಂಡೋಸ್ ಅಪ್‌ಡೇಟ್ ಆದಾಗ ಬೂಟ್ ಕ್ರಮ ತಲೆಕೆಳಗಾಗುವುದುಂಟು. ಗಡಿಯಾರವೂ ಐದೂವರೆ ಗಂಟೆ ಹಿಂದೆ ಹೋಗುತ್ತದೆ: ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಬರೆದರೆ, ವಿಂಡೋಸ್ ಅದನ್ನೇ ನಮ್ಮೂರ ಸಮಯ ಅಂದುಕೊಳ್ಳುತ್ತದೆ.

ಡಿಸ್ಟ್ರೋ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಲಿನಕ್ಸ್ ಮಿಂಟ್ 22ರ ಸರಣಿ ಸಾಕು. ಅದು ಉಬುಂಟು ಎಂಬ ಇನ್ನೊಂದು ಡಿಸ್ಟ್ರೋದ 24.04ರ ಮೇಲೆ ನಿಂತದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ಡೆಸ್ಕ್‌ಟಾಪಿನ ಬಗೆಗಳಲ್ಲಿ 8 ಜಿಬಿ ಇದ್ದರೆ ಸಿನಮನ್, 4 ಜಿಬಿಯೇ ಗತಿಯಾದರೆ ಎಕ್ಸ್‌ಎಫ್‌ಸಿಇ. ಸ್ನೇಹಿತರು ಆರ್ಚ್ ಎಂಬ ಡಿಸ್ಟ್ರೋ ಹಾಕು ಅಂತ ಹುರಿದುಂಬಿಸುತ್ತಾರೆ. ಆರ್ಚ್ ಕೆಟ್ಟದ್ದಲ್ಲ, ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಅಪ್‌ಡೇಟ್ ಟಿಪ್ಪಣಿ ಓದುತ್ತ ಕೂರುವ ಹುಡುಗರಿಗೆ ಅದು.

ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲು) ಇಳಿಸಿದ ಮೇಲೆ ಅದರ ಶಾ-256 ಮೊತ್ತವನ್ನು, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತವನ್ನು, ಮಿಂಟ್ ಕೊಟ್ಟ ಮೊತ್ತದೊಂದಿಗೆ ತಾಳೆ ನೋಡು. ನೆಟ್ ನಡುವೆ ಕಡಿದು ಅರ್ಧಂಬರ್ಧ ಇಳಿದ ಫೈಲು ಇನ್‌ಸ್ಟಾಲ್ ಮಧ್ಯೆ ವಿಚಿತ್ರ ದೋಷ ತೋರಿಸುತ್ತದೆ, ನೀನು ಲ್ಯಾಪ್‌ಟಾಪನ್ನು ಬೈಯುತ್ತೀಯ. 8 ಜಿಬಿ ಪೆನ್‌ಡ್ರೈವ್ ಸಾಕು. ಫೈಲನ್ನು ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ರೂಫಸ್ ಎಂಬ ತಂತ್ರಾಂಶದಿಂದ ಬರೆ. ಬೂಟ್ ಆದ ಕೂಡಲೇ ಇನ್‌ಸ್ಟಾಲ್ ಒತ್ತಬೇಡ. ಪೆನ್‌ಡ್ರೈವ್‌ನಿಂದ ಓಡುವ ಲೈವ್‌ನಲ್ಲೇ ವೈಫೈ, ಧ್ವನಿ, ಕ್ಯಾಮೆರಾ, ಬ್ಲೂಟೂತ್, ಬ್ರೈಟ್‌ನೆಸ್ ಕೀಗಳನ್ನು ನೋಡು. ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆದು, ಎಚ್ಚರವಾಗುತ್ತದೆಯೇ ನೋಡು; ಹೆಚ್ಚಿನವರು ಇದೊಂದನ್ನು ಮರೆಯುತ್ತಾರೆ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್ಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಹಾಕು, ಆ ನೆಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ಓಡಿಸು. ಬ್ರಾಡ್‌ಕಾಮ್ ಚಿಪ್‌ಗಳಿಗೆ ಬಹಳ ಸಲ ಇದೇ ದಾರಿ. ಇನ್‌ಸ್ಟಾಲರಿಗೆ ಎಸ್‌ಎಸ್‌ಡಿಯೇ ಕಾಣದಿದ್ದರೆ ಬಯೋಸ್‌ನಲ್ಲಿ (ಆನ್ ಮಾಡುವಾಗ ತೆರೆಯುವ ಯಂತ್ರದ ಸೆಟ್ಟಿಂಗ್) ಸಾಟಾ ಮೋಡ್ ಆರ್‌ಎಸ್‌ಟಿ ಅಥವಾ ರೇಡ್ ಅಂತ ಇರುತ್ತದೆ, ಎಎಚ್‌ಸಿಐಗೆ ಬದಲಿಸು.

ಇನ್‌ಸ್ಟಾಲ್ ಆದ ಮೇಲೆ ಮೊದಲ ಕೆಲಸ ಟೈಮ್‌ಶಿಫ್ಟ್ (ಸಿಸ್ಟಮ್ಮಿನ ಸ್ನ್ಯಾಪ್‌ಶಾಟ್ ಅಂದರೆ ಪ್ರತಿ ಇಟ್ಟು, ಕೆಟ್ಟರೆ ಹಿಂದಿನ ಸ್ಥಿತಿಗೆ ತರುವ ಸಾಧನ), ವಾಲ್‌ಪೇಪರ್ ಆಮೇಲೆ. ಮೊದಲ ಸ್ನ್ಯಾಪ್‌ಶಾಟ್ ಇಡೀ ಸಿಸ್ಟಮ್ಮಿನಷ್ಟು ಜಾಗ ಹಿಡಿಯುತ್ತದೆ, ನಂತರದವು ಬದಲಾದ ಫೈಲುಗಳಷ್ಟೇ. ದಿನದ್ದು ಮೂರು, ವಾರದ್ದು ಎರಡು ಉಳಿಸಿಕೊಂಡರೆ ಸಾಕು. ತಾನಾಗಿ ಅದು ನಿನ್ನ ಸ್ವಂತ ಫೈಲುಗಳ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ನಿನ್ನ ಪ್ರಾಜೆಕ್ಟ್ ವರದಿಗೆ ಬೇರೆ ಡಿಸ್ಕಿನಲ್ಲಿ ಬೇರೆ ಬ್ಯಾಕಪ್ ಬೇಕು. ಅಪ್‌ಡೇಟ್ ಆದ ಮೇಲೆ ಪರದೆ ಕಪ್ಪಾಗಿ ನಿಂತರೆ ಗಾಬರಿಯಾಗಬೇಡ. ಆನ್ ಮಾಡಿದ ತಕ್ಷಣ ಎಸ್ಕೇಪ್ ಒತ್ತಿ ಗ್ರಬ್ ಎಂಬ ಬೂಟ್ ಮೆನುಗೆ ಹೋಗು, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ (ಲಿನಕ್ಸಿನ ತಿರುಳು) ಆರಿಸು. ಅಲ್ಲಿ ಎದ್ದರೆ ತಪ್ಪು ಹೊಸ ಕರ್ನಲ್ಲಿನದು.

ಆದೇಶ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ಬಗ್ಗೆ ನನಗಿರುವ ಆತಂಕ ಒಂದೇ. ಎಲ್ಲೋ ಸಿಕ್ಕ ಸಾಲನ್ನು ಅಂಟಿಸಿ, ಪಾಸ್‌ವರ್ಡ್ ಕೊಟ್ಟು, ವೈ ಒತ್ತುವುದು. ತಂತ್ರಾಂಶ ಹಾಕುವ, ತೆಗೆಯುವ ಆಪ್ಟ್ ಎಂಬ ಆದೇಶ ಯಾವುದನ್ನು ಹಾಕುತ್ತೇನೆ, ಯಾವುದನ್ನು ತೆಗೆಯುತ್ತೇನೆ ಅಂತ ಮೊದಲೇ ಪಟ್ಟಿ ಕೊಡುತ್ತದೆ. ತೆಗೆಯುವ ಪಟ್ಟಿಯಲ್ಲಿ ಸಿನಮನ್, ಪೈಥಾನ್, ಎಕ್ಸ್‌ಆರ್ಗ್ ಇಂಥ ಸಿಸ್ಟಮ್ಮಿಗೇ ಬೇಕಾದ ಹೆಸರು ಕಂಡರೆ ಅಲ್ಲೇ ನಿಲ್ಲು. 2021ರಲ್ಲಿ ಒಬ್ಬ ಹೆಸರಾಂತ ಯೂಟ್ಯೂಬರ್ ಪಾಪ್ ಓಎಸ್ ಎಂಬ ಡಿಸ್ಟ್ರೋದಲ್ಲಿ ಸ್ಟೀಮ್ ಎಂಬ ಗೇಮ್ ತಂತ್ರಾಂಶ ಹಾಕಲು ಹೋಗಿ, ಎಚ್ಚರಿಕೆ ಬಂದರೂ ಹೂಂ ಅಂದು ಇಡೀ ಡೆಸ್ಕ್‌ಟಾಪನ್ನೇ ಕಳೆದುಕೊಂಡ. ಪ್ಯಾಕೇಜಿನಲ್ಲಿ ದೋಷವಿತ್ತು ನಿಜ, ಪಟ್ಟಿಯೂ ಕಣ್ಣೆದುರೇ ಇತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸು, ಏನು ಬದಲಿಸಿದೆ ಅಂತ ತಾರೀಖಿನೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆ. ಐದು ಕಡೆಯ ಐದು ಪರಿಹಾರ ಒಟ್ಟಿಗೆ ಹಾಕಿದರೆ ಯಾವುದು ಕೆಡಿಸಿತು ಅಂತ ಬ್ರಹ್ಮನಿಗೂ ತಿಳಿಯದು.

ನೆರವು ಕೇಳುವಾಗಲೂ ಆ ಪುಸ್ತಕವೇ ಆಸರೆ. "ಸೌಂಡ್ ಬರ್ತಿಲ್ಲ, ಅರ್ಜೆಂಟ್" ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಉತ್ತರಿಸುವವರು ಸಂಬಳಕ್ಕೆ ಕೂತವರಲ್ಲ. ಮಿಂಟ್‌ನ ಸಿಸ್ಟಮ್ ಇನ್ಫರ್ಮೇಷನ್ ತೆರೆದು ಯಂತ್ರದ ವಿವರ ಕಾಪಿ ಮಾಡು. ಯಾವಾಗಿನಿಂದ, ಯಾವ ಬದಲಾವಣೆಯ ನಂತರ, ಏನೇನು ಮಾಡಿ ನೋಡಿದೆ ಅಂತ ಬರೆ. ದೋಷದ ಸಾಲನ್ನು ಫೋಟೋ ಅಲ್ಲ, ಅಕ್ಷರವಾಗಿಯೇ ಅಂಟಿಸು, ಫೋಟೋವನ್ನು ಹುಡುಕಲಾಗದು. ಒರಟು ಉತ್ತರ ಬಂದೀತು, ಅದರಲ್ಲಿ ಉಪಯೋಗವಾಗುವ ಸಾಲನ್ನಷ್ಟೇ ತಗೋ. ಸರಿಹೋದ ಮೇಲೆ ಹೇಗೆ ಸರಿಹೋಯಿತು ಅಂತ ಅಲ್ಲೇ ಬರೆಯದೆ ಎದ್ದು ಹೋಗಬೇಡ.

ಕನ್ನಡ ಟೈಪಿಂಗ್ ಸುಲಭ. ಕೀಬೋರ್ಡ್ ಲೇಔಟ್‌ಗಳಲ್ಲೇ ಕನ್ನಡ ಕಗಪ ಇದೆ. ನುಡಿ ತಂತ್ರಾಂಶಕ್ಕೆ ಒಗ್ಗಿದ ಕೈಗೆ ಅದು ಸ್ವಲ್ಪ ತಡವರಿಸುತ್ತದೆ, ಏಕೆಂದರೆ ಸ್ವರವೋ ಕಾಗುಣಿತವೋ ಅನ್ನುವುದನ್ನು ಅದು ತಾನೇ ತೀರ್ಮಾನಿಸುವುದಿಲ್ಲ. ಹಾಗನಿಸಿದರೆ ಐಬಸ್ ಎಂಬ ಟೈಪಿಂಗ್ ಸಾಧನದ ಜೊತೆ ಎಂ17ಎನ್ ಎಂಬ ಭಾಷಾ ಲೇಔಟ್‌ಗಳ ಕಟ್ಟು ಹಾಕಿಕೊಂಡು, ಅದರಲ್ಲಿರುವ ಕೆಜಿಪಿ (ಕಗಪ) ಆರಿಸು. ಅಪ್ಪನ ಹಳೇ ನುಡಿ ಕಡತಗಳು ಲಿಬ್ರೆ ಆಫೀಸಿನಲ್ಲಿ (ಮಿಂಟ್‌ನ ವರ್ಡ್‌ನಂಥ ತಂತ್ರಾಂಶ) ಕಲಸುಮೇಲೋಗರವಾಗಿ ಕಂಡರೆ ಫೈಲು ಕೆಟ್ಟಿಲ್ಲ. ಅವು ಯುನಿಕೋಡ್‌ಗೆ ಮುಂಚಿನ ಆಸ್ಕಿ ಅಕ್ಷರಗಳು. ಪರಿವರ್ತಕದಲ್ಲಿ ಹಾಕಿ ತೆಗೆ, ಒತ್ತಕ್ಷರ ಮತ್ತು ಅರ್ಕಾವೊತ್ತು ಮಾತ್ರ ಒಮ್ಮೆ ಕಣ್ಣಾಡಿಸು.

ಕೊನೆಗೆ ಪ್ರಿಂಟರ್. ಅದರ ಮಾದರಿ ಸಂಖ್ಯೆ ನನಗೆ ಕಳಿಸು. ಎಚ್‌ಪಿ ಲೇಸರ್‌ಜೆಟ್ 1020 ಆದರೆ ಆನ್ ಮಾಡಿದಾಗಲೆಲ್ಲ ಅದರೊಳಗೆ ಓಡುವ ಫರ್ಮ್‌ವೇರ್ ತುಂಬಬೇಕು. ಎಚ್‌ಪಿಯ ಲಿನಕ್ಸ್ ಡ್ರೈವರ್ ಕಟ್ಟು ಎಚ್‌ಪಿಲಿಪ್‌ನ ಪ್ಲಗಿನ್ ಒಮ್ಮೆ ಹಾಕಿದರೆ ಅದೇ ನೋಡಿಕೊಳ್ಳುತ್ತದೆ. ಕ್ಯಾನನ್ ಎಲ್‌ಬಿಪಿ 2900 ಆದರೆ ಕ್ಯಾಪ್ಟ್ ಅನ್ನುವ ಅದರದೇ ಭಾಷೆ, ಡ್ರೈವರನ್ನು ಬೇರೆಯೇ ಹಾಕಿ ಸೆಣಸಬೇಕು. ಹಾಗಿದ್ದರೆ ಅಪ್ಪನ ಈ ತಿಂಗಳ ಜಿಎಸ್‌ಟಿ ಕೆಲಸ ಮುಗಿಯುವವರೆಗೆ ಹಳೇ ಡಿಸ್ಕ್ ಬಿಚ್ಚಬೇಡ.

ಇತಿ,
ನಿನ್ನ ಅತ್ತೆ