ಎರಡನೆಯ ಜಾಮೀನಿನ ಸಾಲು

ಪ್ರೀತಿಯ ಗೆಳೆಯಾ,

ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಸಾಲ ಸಿಗುವ ಕಾಲದಲ್ಲಿ ನಮ್ಮೂರ ಸೊಸೈಟಿಯವರು, ಅದೇ ಸಾಲ ಕೊಡುವ ಸಹಕಾರ ಸಂಘದವರು, ಇನ್ನೂ ಇಬ್ಬರ ಜಾಮೀನು ಕೇಳುತ್ತಾರಲ್ಲ ಎಂದು ನೀನು ನಕ್ಕೆ. ಫೋನಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಮೊನ್ನೆ ಗದಗಿಗೆ ಹೋದವನು ಹಾಗೆಯೇ ಕಣಗಿನಹಾಳಕ್ಕೂ ಹೋಗಿ ಬಂದೆ. ದಾರಿಯುದ್ದಕ್ಕೂ ಎರೆಹೊಲ, ಕಡಲೆ ಹೂ ಬಿಟ್ಟಿತ್ತು.

ದೇಶದ ಮೊದಲನೆಯದೆಂದು ಹೇಳಲಾಗುವ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಆ ಹಳ್ಳಿಯಲ್ಲಿ. ಮುಂದೆ ನಿಂತು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಆಗ ನಮ್ಮ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಬರದ ಮೇಲೆ ಬರ ಬಿದ್ದು ರೈತರು ಸಾಹುಕಾರರ ಬಡ್ಡಿಗೆ ಸಿಕ್ಕಿಕೊಂಡಿದ್ದರು. ಅದೇ ಪ್ರಾಂತ್ಯದ ಪುಣೆ, ಅಹಮದ್‌ನಗರಗಳ ಕಡೆ 1875ರಲ್ಲೇ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ಸರ್ಕಾರ ಎಚ್ಚೆತ್ತು ಸಹಕಾರ ಕಾಯಿದೆ ತರಲು 1904 ಬರಬೇಕಾಯಿತು. ಹದಿನೆಂಟು ದಾಟಿದ ಹತ್ತು ಜನ ಸೇರಿದರೆ ಒಂದು ಸಂಘ. ಜರ್ಮನಿಯ ರೈಫೈಸನ್ ಎಂಬವರು ಅಲ್ಲಿನ ಹಳ್ಳಿಗಳಲ್ಲಿ ಕಟ್ಟಿದ್ದ ಸಂಘಗಳೇ ಅದಕ್ಕೆ ಮಾದರಿ.

ಆ ಕಾಯಿದೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಮಾತು: ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬನ ಹೊಲ, ಮನೆ, ಎತ್ತು ಎಲ್ಲವೂ ಅದರ ಸಾಲಕ್ಕೆ ಬಾಧ್ಯ. ಯೋಚಿಸಿ ನೋಡು, ಆಗ ಸಾಲ ಕೇಳಲು ಬಂದವನು ಕುಡಿಯುತ್ತಾನೋ, ಬಿತ್ತುತ್ತಾನೋ ಎಂಬುದು ಊರಿಗೆಲ್ಲ ಸ್ವಂತ ಚಿಂತೆ. ಬಂದ ಲಾಭವನ್ನೂ ಹಂಚಿಕೊಳ್ಳದೆ ಮೀಸಲು ನಿಧಿಗೆ ಹಾಕಬೇಕಿತ್ತು.

ನಮ್ಮ ಸೊಸೈಟಿಯ ಹಳೆಯ ಕಟ್ಟಡ ನಿನಗೆ ನೆನಪಿದೆಯೇ? ಹೆಬ್ಬೆಟ್ಟು ಒತ್ತಿದವರು ಬೆರಳಿನ ಮಸಿಯನ್ನು ಬಾಗಿಲ ಪಕ್ಕದ ಗೋಡೆಗೆ ಒರೆಸುತ್ತಿದ್ದರು. ನಮ್ಮ ಎದೆಮಟ್ಟದವರೆಗೆ ಆ ಗೋಡೆ ನೀಲಿಯಾಗಿತ್ತು. ಒಂದು ವರ್ಷ ಅಪ್ಪ ಕಂತು ಕಟ್ಟಿರಲಿಲ್ಲ. ಜಾಮೀನು ಹಾಕಿದ್ದ ಪಕ್ಕದ ಹೊಲದ ಕಾಕಾ ಸಂಜೆ ಕಟ್ಟೆಗೆ ಬಂದು ಕುಳಿತರು. ಚಹಾ ಕುಡಿದು, "ಹತ್ತಿ ಎಷ್ಟು ಕ್ವಿಂಟಲ್ ಆಯಿತು?" ಎಂದು ಕೇಳಿ ಎದ್ದು ಹೋದರು. ಸಾಲದ ಸುದ್ದಿಯನ್ನೇ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಸೊಸೈಟಿಯ ಬಾಗಿಲು ತೆರೆಯುವ ಮೊದಲೇ ಅಪ್ಪ ಅಲ್ಲಿದ್ದರು.

ಎಲ್ಲ ಸಂಘಗಳೂ ಹಾಗೆ ನಡೆದವೆಂದು ನಾನು ಹೇಳುವುದಿಲ್ಲ. ಚುನಾವಣೆ ಬಂದರೆ ಊರೇ ಎರಡಾಗುವುದನ್ನು, ಸಾಲಮನ್ನಾದ ಸುದ್ದಿ ಹಬ್ಬಿದರೆ ಕಟ್ಟುವವರೂ ಕೈಕಟ್ಟಿ ಕೂರುವುದನ್ನು ನಾವಿಬ್ಬರೂ ಕಂಡಿದ್ದೇವೆ. ಆದರೆ ನಿನ್ನ ಮೊಬೈಲು ಹತ್ತಿ ಎಷ್ಟಾಯಿತೆಂದು ಕೇಳುವುದಿಲ್ಲವಲ್ಲ!

ಅಂದ ಹಾಗೆ, ಪಂಪ್‌ಸೆಟ್ಟಿಗೆ ನಾನೂ ಸಾಲಕ್ಕೆ ಅರ್ಜಿ ತುಂಬಿದ್ದೇನೆ. ಮೊದಲ ಜಾಮೀನು ಕಾಕಾನ ಮಗನದು. ನಿನ್ನ ಹೆಸರಿನ ಷೇರು ಇನ್ನೂ ಜೀವಂತವಾಗಿದೆ ಎಂದು ಕಾರ್ಯದರ್ಶಿ ಹೇಳಿದರು. ಎರಡನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಯುಗಾದಿಗೆ ಬರುವಾಗ ಆಧಾರ್ ಕಾರ್ಡ್ ತರುವುದನ್ನು ಮರೆಯಬೇಡ.

ನಿನ್ನ ಗೆಳೆಯ