ಏಳು ವರ್ಷ ದಾಟಿದ ಕಾರಿನ ದೋಷಕ್ಕೆ ಯಾರು ಹೊಣೆ?

ದೋಷವಿರುವ ವಾಹನಗಳನ್ನು ತಯಾರಕರು ಕಡ್ಡಾಯವಾಗಿ ಹಿಂಪಡೆದು ಸರಿಪಡಿಸಿಕೊಡಬೇಕೆಂಬ ನಿಯಮವನ್ನು ಏಳು ವರ್ಷದೊಳಗಿನ ವಾಹನಗಳಿಗಷ್ಟೇ ಸೀಮಿತಗೊಳಿಸಿರುವುದು ಸರಿಯಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಸೇರಿ, 2021ರ ಏಪ್ರಿಲ್‌ನಿಂದ ನಿಯಮಗಳು ಜಾರಿಗೆ ಬಂದಾಗ, ಅದುವರೆಗೆ ಕಂಪನಿಗಳ ಮರ್ಜಿಗೆ ಬಿಟ್ಟಿದ್ದ ವಿಷಯಕ್ಕೆ ಕಾನೂನಿನ ಬಲ ಬಂದಿತು. ತಪ್ಪಿದರೆ 1 ಕೋಟಿ ರೂಪಾಯಿವರೆಗೆ ದಂಡವೂ ಇದೆ (ದೊಡ್ಡ ಕಂಪನಿಗಳಿಗೆ ಅದೆಷ್ಟರ ಲೆಕ್ಕ ಎಂಬುದು ಬೇರೆ ಮಾತು). ಆದರೆ ಎಲ್ಲ ದೋಷಗಳೂ ವಾಹನ ಹೊಸದಾಗಿರುವಾಗಲೇ ಕಾಣಿಸಿಕೊಳ್ಳುವುದಿಲ್ಲ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿ ಅವನ್ನು ಉಬ್ಬಿಸಲೆಂದು ಇಟ್ಟಿದ್ದ ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕ ವರ್ಷಗಟ್ಟಲೆ ಸೆಕೆ ಮತ್ತು ತೇವಾಂಶಕ್ಕೆ ಸಿಕ್ಕಿ ಹದಗೆಟ್ಟು, ಅಪಘಾತದಲ್ಲಿ ಕಾಪಾಡಬೇಕಾದ ಸಾಧನವೇ ಸಿಡಿದು ಲೋಹದ ಚೂರುಗಳನ್ನು ಚಾಲಕರತ್ತ ಎಸೆದ ಪ್ರಕರಣಗಳು ನಡೆದವು. ಮಂಗಳೂರು, ಕಾರವಾರದ ಹವೆಯಲ್ಲಿ ಓಡುವ ಹಳೆಯ ಕಾರುಗಳ ಮಟ್ಟಿಗೆ ಇದು ದೂರದ ದೇಶದ ಸಂಗತಿಯೇನಲ್ಲ.

ಖಾಸಗಿ ಕಾರಿನ ನೋಂದಣಿ 15 ವರ್ಷ ಚಾಲ್ತಿಯಲ್ಲಿರುವಾಗ ತಯಾರಕರ ಹೊಣೆ ಅರ್ಧ ದಾರಿಯಲ್ಲೇ ಮುಗಿಯಬಾರದು. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್‌ನಂತಹ ಸುರಕ್ಷತಾ ಭಾಗಗಳಿಗಾದರೂ ಕೇಂದ್ರ ಸರ್ಕಾರ ಈ ಮಿತಿಯನ್ನು ನೋಂದಣಿ ಅವಧಿಯವರೆಗೆ ವಿಸ್ತರಿಸಲಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ, ಮಾಲೀಕತ್ವ ವರ್ಗಾವಣೆಯ ವೇಳೆಯಲ್ಲೇ, ಬಾಕಿ ಉಳಿದ ಇಂತಹ ದುರಸ್ತಿಯ ವಿವರವನ್ನು ಆರ್‌ಟಿಒ ಕಚೇರಿಗಳು ಲಿಖಿತವಾಗಿ ತಿಳಿಸುವ ವ್ಯವಸ್ಥೆಯೂ ಆಗಲಿ.